ಕಾಂಪೌಂಡರು ಹೇಳದೆ ಬಿಟ್ಟ ಮಾತು

ಕೆರಿಯಮ್ಮನನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯ ಹಿಂದಿನ ಅಡುಗೆ ಚಪ್ಪರದಲ್ಲಿ. ಅರವತ್ತೈದನೇ ಇಸವಿ. ಸಾಗರ ದಾಟಿ ತಾಳಗುಪ್ಪದ ದಾರಿಯಲ್ಲಿ ಪರದೇಶದ ಡಾಕ್ಟರೊಬ್ಬರು ಸಣ್ಣ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದರು. ರೋಗಿಯ ಕಡೆಯವರು ಅಲ್ಲೇ ಉಳಿದು ಗಂಜಿ ಬೇಯಿಸಿಕೊಳ್ಳಬೇಕು. ನಾನು ನನ್ನ ತಮ್ಮನ ಹೊಟ್ಟೆನೋವಿಗೆಂದು ಬಂದು ಕೂತಿದ್ದೆ. ಆಕೆ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಳು. ಗಂಟು ಕೆಳಗಿಡುವ ಮೊದಲೇ ಕೊಡದ ನೀರನ್ನು ಮೂಸಿದಳು.

"ಈ ನೀರು ಯಾರು ತಂದದ್ದು?"

"ನಾನೇ. ಬಾವಿಂದ."

"ಯಾವ ಬಾವಿ?"

ತೋರಿಸಿದೆ. ಹೋಗಿ ಬಗ್ಗಿ ನೋಡಿ ಬಂದಮೇಲೆ ಒಲೆ ಹಚ್ಚಿದಳು.

ಹುಟ್ಟಿನಿಂದಲೇ ಹಾಗಿದ್ದಳೋ ನಾನರಿಯೆ. ಅವಳ ಊರು ಹೊಸನಗರದ ಕಡೆ. ಶರಾವತಿಗೆ ಅಣೆಕಟ್ಟು ಕಟ್ಟುವಾಗ, ನೀರು ನಮ್ಮ ಗದ್ದೆತನಕ ಏರುವುದಿಲ್ಲ ಎಂದು ಊರಿನ ಹಿರಿಯರೆಲ್ಲ ಹೇಳಿದ್ದರಂತೆ. ಏರಿತು. ಆಮೇಲೆ ಗಂಡ ಗುತ್ಯಪ್ಪ ಆನಂದಪುರದ ಹತ್ತಿರ ಕಲ್ಲು ಒಡೆಯುವ ಕೆಲಸಕ್ಕೆ ಸೇರಿದ. ಅಲ್ಲಿ ಕಲ್ಲು ಉರುಳಿ ಬಲಪಾದ ಜಜ್ಜಿಹೋಗಿತ್ತು.

ಡಾಕ್ಟರಿಗೆ ಕನ್ನಡ ಬಾರದು. ಮದ್ದು ಕಲಸುವುದೂ, ಡಾಕ್ಟರ ಇಂಗ್ಲಿಷನ್ನು ನಮಗೆ ಕನ್ನಡದಲ್ಲಿ ಹೇಳುವುದೂ ಕಾಂಪೌಂಡರು ಉಮಾಮಹೇಶ್ವರಯ್ಯನವರ ಕೆಲಸ. ಮೆತ್ತಗಿನ ಮಾತಿನ ಮನುಷ್ಯ. ಡಾಕ್ಟರು ಗುತ್ಯಪ್ಪನ ಕಟ್ಟು ಬಿಚ್ಚಿಸಿ, ಪಾದ ಒತ್ತಿ ನೋಡಿ, ಬಹಳ ಹೊತ್ತು ಮಾತಾಡಿದರು. ಅಂಗೈಯನ್ನು ಮೊಣಕಾಲಿನ ಹತ್ತಿರ ಅಡ್ಡ ಹಿಡಿದು ತೋರಿಸಿದರು. ಕಾಂಪೌಂಡರು ಕೆರಿಯಮ್ಮನ ಕಡೆ ತಿರುಗಿ, "ವಾಸಿ ಆಗ್ತದೆ ಕಣಮ್ಮ, ಸ್ವಲ್ಪ ದಿನ ಹಿಡೀತದೆ" ಎಂದರು.

"ಅಷ್ಟುದ್ದ ಮಾತಿಗೆ ಇಷ್ಟೇಯ?"

"ಇಂಗ್ಲಿಷ್ ಹಂಗೇ. ಉದ್ದ ಇರ್ತದೆ."

ಚಪ್ಪರಕ್ಕೆ ಬಂದವಳು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ಆ ಅಯ್ಯ ನುಂಗ್ತಾ ಇದಾನೆ."

"ಎಂತ ನುಂಗ್ತಾನೆ?"

"ಮಾತು. ಡಾಕ್ಟ್ರು ಒಂದು ಮೊರ ಕೊಟ್ರೆ ನಂಗೆ ಒಂದು ಹಿಡಿ ಬತ್ತದೆ."

ತೀರ್ಥಹಳ್ಳಿ ಕಡೆಯ ದುರ್ಗಮ್ಮ ಮೂರನೆಯ ಒಲೆಯವಳು. ಅವಳ ಬಳಿ ಎಲ್ಲದಕ್ಕೂ ಒಂದು ಸುದ್ದಿ ಇರುತ್ತಿತ್ತು. "ಪರದೇಶದೋರು ಮನುಷ್ಯರ ಮೂಳೆ ಹಡಗಲ್ಲಿ ಕಳಿಸ್ತಾರಂತೆ ಮಾರಾಯ್ತಿ" ಎಂದಳು.

"ನೀ ಕಂಡ್ಯಾ?"

"ಕಂಡಿಲ್ಲಪ್ಪ, ಹೇಳ್ತಾರೆ."

"ಹಂಗಾರೆ ನೀನೂ ಆ ಅಯ್ಯನೂ ಒಂದೇ. ಸುಮ್ನೆ ಗಂಜಿ ನೋಡು, ಉಕ್ತಾ ಇದೆ."

ಮಾರನೆಯ ದಿನದಿಂದ ಕೆರಿಯಮ್ಮ ನರ್ಸ್ ಅಣ್ಣಮ್ಮನ ಬೆನ್ನುಹತ್ತಿದಳು. ಅಣ್ಣಮ್ಮ ಕೇರಳದಿಂದ ಹೊಸದಾಗಿ ಬಂದ ಹುಡುಗಿ. ಕನ್ನಡ ಹತ್ತಿರಲಿಲ್ಲ, ಡಾಕ್ಟರ ಜೊತೆ ಇಂಗ್ಲಿಷಿನಲ್ಲೇ ಮಾತು. ಗಾಯದ ಬಟ್ಟೆಗಳನ್ನು ಕುದಿಸಿ, ಒಣಗಿಸಿ, ಸುರುಳಿ ಸುತ್ತುವ ಕೆಲಸ ಅವಳದು. ಕೆರಿಯಮ್ಮ ಕೇಳದೆಯೇ ಎದುರಿಗೆ ಕೂತು ಸುತ್ತತೊಡಗಿದಳು. ಒಂದೊಂದು ಸಾಮಾನು ಎತ್ತಿ ಹಿಡಿದು ಹುಬ್ಬು ಏರಿಸುವಳು, ಅಣ್ಣಮ್ಮ ಹೆಸರು ಹೇಳುವಳು. ನೀರು ವಾಟರ್, ಬಟ್ಟೆ ಕ್ಲಾತ್, ಕಾಲು ಲೆಗ್.

ಹೇಳಿದ್ದನ್ನು ಹೇಳಿದ ಹಾಗೆ ನಂಬುವ ಹೆಂಗಸು ಅವಳಲ್ಲ. ನಿನ್ನೆ ಕಲಿತ ಮಾತನ್ನು ಇವತ್ತು ಬೇಕೆಂದೇ ತಪ್ಪಿ ಹೇಳುವಳು. ಲೋಟ ತೋರಿಸಿ ಕ್ಲಾತ್ ಎನ್ನುವಳು. ಅಣ್ಣಮ್ಮ ತಲೆ ಅಲ್ಲಾಡಿಸಿ ತಿದ್ದಿದರೆ ಮಾತ್ರ ಆ ಪದ ಖಾತ್ರಿ. ಅಣ್ಣಮ್ಮ ಇವಳನ್ನು ದಡ್ಡಿ ಎಂದುಕೊಂಡಿದ್ದಳೋ ಏನೋ, ಬೇಸರಿಸದೆ ತಿದ್ದುತ್ತಿದ್ದಳು.

ಕಷ್ಟವಾದದ್ದು ಬಾಲ ಇರುವ ಮಾತುಗಳು. ಸಂಜೆ ಒಲೆಯ ಮುಂದೆ ನನಗೆ ಒಪ್ಪಿಸುತ್ತಿದ್ದಳು.

"ಟೇಕ್ ಅಂದ್ರೆ ತಗೋ. ಟೇಕ್ ಆಫ್ ಅಂದ್ರೆ ತೆಗ್ದು ಹಾಕು. ಗೆಟ್ ಅಪ್ ಅಂದ್ರೆ ಏಳು, ಗೆಟ್ ಡೌನ್ ಅಂದ್ರೆ ಇಳಿ. ಬರೀ ಗೆಟ್ ಬಂದ್ರೆ ಎಂತ ಮಾಡ್ಬೇಕು ಅಂತ ಅದಕ್ಕೇ ಗೊತ್ತಿಲ್ಲ. ಬಾಲ ನೋಡದೆ ತಲೆ ನಂಬಂಗಿಲ್ಲ ಅಕ್ಕಾ."

ಒಂದು ದಿನ ಗುತ್ಯಪ್ಪ ಗಂಜಿ ಬೇಡವೆಂದು ಗೋಡೆಯ ಕಡೆ ತಿರುಗಿದ. ಅಣ್ಣಮ್ಮ ಗಿವ್ ಅಪ್ ಎಂದು ಏನೋ ಹೇಳಿ, ಅರ್ಥ ತಿಳಿಸಲು ಎರಡೂ ಕೈ ಇಳಿಬಿಟ್ಟು, ತಲೆ ತಗ್ಗಿಸಿ ತೋರಿಸಿ, ಹಾಗೆ ಮಾಡಬಾರದು ಎಂದು ಬೆರಳಾಡಿಸಿದಳು. ಕೆರಿಯಮ್ಮ, "ಓ, ಕೈಚೆಲ್ಲೋದು" ಎಂದಳು. ಗಂಡನ ಹತ್ತಿರ ಬಗ್ಗಿ, "ಗಿವ್ ಅಪ್ ಮಾಡ್ಬೇಡಿ, ಒಂದು ಗುಟುಕು ಕುಡೀರಿ" ಎಂದಳು.

"ಬೈಯೋದಾದ್ರೆ ಕನ್ನಡದಲ್ಲಿ ಬೈಯೆ" ಎಂದು ಗುತ್ಯಪ್ಪ ಹೇಳಿ ಕುಡಿದ.

ಪಾದದ ಕಪ್ಪು ಮೇಲೇರುತ್ತಿತ್ತು. ವಾಸನೆ ವಾರ್ಡಿನ ಬಾಗಿಲಿಗೇ ಹೊಡೆಯುತ್ತಿತ್ತು. ಡಾಕ್ಟರು ಬಂದು ನೋಡಿ, ಈ ಸಲ ಗಟ್ಟಿಯಾಗಿಯೇ ಮಾತಾಡಿದರು. ನಾನು ತಮ್ಮನ ಮಂಚದ ಹತ್ತಿರ ಇದ್ದೆ, ಮಾತಿನ ನಡುವೆ ಲೆಗ್ ಎಂಬುದು ನನಗೂ ಕೇಳಿಸಿತು. ಕಾಂಪೌಂಡರು ಕೆರಿಯಮ್ಮನಿಗೆ, "ಮದ್ದು ಬದಲಾಯಿಸ್ತಾರಂತೆ" ಎಂದರು.

ಕೆರಿಯಮ್ಮ ಅವರ ಮುಖ ನೋಡಲಿಲ್ಲ. ಡಾಕ್ಟರು ಹೊರಡುವ ಬಾಗಿಲಿಗೆ ಅಡ್ಡ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮಾತು ಹೇಳಿದಳು. "ಡಾಕ್ಟರ್. ಲೆಗ್. ಟೇಕ್ ಆಫ್?"

ಡಾಕ್ಟರು ಅವಳನ್ನು ನೋಡಿದರು, ಆಮೇಲೆ ಕಾಂಪೌಂಡರನ್ನು ನೋಡಿದರು. "ಯೆಸ್" ಎಂದರು. ಅಣ್ಣಮ್ಮನನ್ನು ಕರೆದು ಏನೋ ಹೇಳಿದರು. ಅಣ್ಣಮ್ಮ ತನ್ನ ಮೊಣಕಾಲಿನ ಮೇಲೆ ಕೈ ಅಡ್ಡ ಇಟ್ಟಳು. ಹೊರಗಿನ ಬಿಸಿಲು ತೋರಿಸಿದಳು. ಇವತ್ತು, ತಪ್ಪಿದರೆ ನಾಳೆ. ಆಮೇಲೆ ಕಣ್ಣು ಮುಚ್ಚಿ ತೋರಿಸಿದಳು.

"ಏನಯ್ಯಾ ಇದು?" ಕೆರಿಯಮ್ಮ ಈಗ ಕಾಂಪೌಂಡರ ಕಡೆ ತಿರುಗಿದಳು. "ಡಾಕ್ಟ್ರಿಗೆ ಎಂತ ಹೇಳಿದ್ರಿ ಇಷ್ಟು ದಿನ?"

"ಮನೆಯೋರು ಯೋಚನೆ ಮಾಡ್ತಿದಾರೆ ಅಂದೆ."

"ಮನೆಯೋಳು ನಾನೇ ಅಲ್ವಾ? ನಂಗೆ ಯಾಕೆ ಹೇಳ್ಲಿಲ್ಲ?"

ಕಾಂಪೌಂಡರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಕುಂಕುಮ ಇಟ್ಕೊಂಡೋಳ ಎದುರಿಗೆ, ನಿನ್ನ ಗಂಡನ ಕಾಲು ಕತ್ತರಿಸ್ಬೇಕು, ಇಲ್ದಿದ್ರೆ ಉಳಿಯಲ್ಲ ಅಂತ ಹೆಂಗಮ್ಮ ಹೇಳೋದು? ಇಂಥದ್ದು ಮನೆ ಗಂಡಸರಿಗೆ ಹೇಳೋ ಮಾತು. ನಿನ್ನ ಮೈದುನ ಮಾಸ್ತಪ್ಪನಿಗೆ ಹೊಸನಗರದ ಬಸ್ ಕಂಡಕ್ಟರ್ ಹತ್ರ ಹೇಳಿ ಕಳ್ಸಿದೀನಿ. ಅವ್ನು ಬರ್ಲಿ ಅಂತ ಕಾಯ್ತಾ ಇದ್ದೆ."

ಅವರು ಕೇಡು ಬಗೆದವರಲ್ಲ. ನಮ್ಮಲ್ಲಿ ಹಾಗೆಯೇ ನಡೆಯುತ್ತಿತ್ತು. ನನ್ನ ಗಂಡ ಉಳಿಯುವುದಿಲ್ಲ ಎಂಬುದು ನನ್ನ ಭಾವನವರಿಗೆ ಮೊದಲೇ ಗೊತ್ತಿತ್ತು, ಊರಿಗೂ ಗೊತ್ತಿತ್ತು. ನಾನು ಹಪ್ಪಳ ಒಣಗಿಸುತ್ತಿದ್ದೆ.

"ಕಾಲು ಮಾಸ್ತಪ್ಪಂದಾ?" ಎಂದು ಕೆರಿಯಮ್ಮ ಕೇಳಿದಳು.

ಅವಳು ಮಂಚದ ಹತ್ತಿರ ಹೋಗಿ ಗಂಡನಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಗುತ್ಯಪ್ಪ ಮಾಡಿನ ಹೆಂಚು ನೋಡುತ್ತ ಮಲಗಿದ್ದ.

"ಮಾಸ್ತ ಬರ್ಲಿ" ಎಂದ.

"ಅವ್ನು ಬರೋತನಕ ಇದು ಕಾಯಲ್ಲ. ಈಗ ಮುಟ್ತಾ ಇದೀನಿ, ಗೊತ್ತಾಗ್ತದಾ?"

"ಇಲ್ಲ. ಕಾಲಿಲ್ದೆ ನಾ ಎಂತ ಮಾಡ್ಲಿ?"

"ಅದು ನಂಗೊತ್ತಿಲ್ಲ. ನೀವಿಲ್ದೆ ನಾ ಎಂತ ಮಾಡ್ಲಿ ಅಂತನೂ ಗೊತ್ತಿಲ್ಲ."

"ಆ ಅಯ್ಯ ಸರಿಯಾಗಿ ಹೇಳಿದ್ನಾ ನಿಂಗೆ?"

"ಅಯ್ಯ ಹೇಳಿದ್ದಲ್ಲ. ನಾನೇ ಡಾಕ್ಟ್ರನ್ನ ಕೇಳಿದ್ದು."

"ಹಂಗಾರೆ ಆಗ್ಲಿ" ಎಂದ.

ಅಂದೇ ಮಧ್ಯಾಹ್ನ ಒಳಗೆ ಒಯ್ದರು. ಬಾಗಿಲು ಮುಚ್ಚಿದ ಮೇಲೆ ಮಾಸ್ತಪ್ಪ ಬಂದ. ಬಸ್ಸಿನ ಧೂಳು ಕೊಡವುವ ಮೊದಲೇ ಅತ್ತಿಗೆಯ ಮೇಲೆ ಏರಿಹೋದ. "ಗಂಡಸರನ್ನ ಒಂದು ಮಾತು ಕೇಳೋದು ಬ್ಯಾಡ್ವಾ? ಯಾರೋ ಎಂತದೋ ಅಂದ್ರೂಂತ ಕಾಲು ಕಡಿಯಕ್ಕೆ ಕೊಟ್ಯಲ್ಲ."

"ಗಂಡಸರನ್ನೇ ಕೇಳ್ದೆ" ಎಂದಳು. "ಒಳಗೆ ಮಲ್ಗಿದಾರಲ್ಲ, ಅವ್ರನ್ನ."

ಬಿಸಿಲು ಜಗಲಿಯಿಂದ ಕೆಳಗಿಳಿಯುವವರೆಗೆ ಕೂತಿದ್ದೆವು. ದುರ್ಗಮ್ಮ ಕೂಡ ಒಂದು ಸುದ್ದಿಯನ್ನೂ ಹೇಳಲಿಲ್ಲ. ಕೊನೆಗೆ ಡಾಕ್ಟರು ಹೊರಬಂದರು, ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಕೆರಿಯಮ್ಮನ ಕಡೆ ನೋಡಿ ಏನೇನೋ ಹೇಳಿದರು. ಅದರಲ್ಲಿ ಪುಲ್ಡ್ ಥ್ರೂ ಎಂಬುದನ್ನು ಮಾತ್ರ ಅವಳು ಹಿಡಿದಳು. ಡಾಕ್ಟರು ಕೈ ತೊಳೆಯಲು ಹೋದರು.

"ಪುಲ್ ಅಂದ್ರೆ ಎಳಿ" ಎಂದು ನನ್ನ ಕೈ ಹಿಡಿದಳು. "ಎಂತ ಎಳದ್ರು ಅಕ್ಕಾ? ಈ ಬಾಲ ನಂಗೆ ಕಲಿಸಿಲ್ಲ." ಅಣ್ಣಮ್ಮ ಇನ್ನೂ ಒಳಗಿದ್ದಳು. ಕೇಳಬೇಕೆಂದರೆ ಎದುರಿಗಿದ್ದವರು ಕಾಂಪೌಂಡರು ಒಬ್ಬರೇ.

"ಪಾರಾದ ಅಂತ ಕಣಮ್ಮ" ಎಂದರು ಅವರು. "ಗಂಡಾಂತರ ಕಳೀತು ಅಂತ. ನಿಜ ಹೇಳ್ತಿದೀನಿ, ನಂಬು."

"ನೋಡ್ಕಂಡು ಬಂದು ಹೇಳ್ತೀನಿ."

ಅಣ್ಣಮ್ಮ ಬಾಗಿಲು ಅರೆ ತೆರೆದಾಗ ಒಳಗೆ ನುಗ್ಗಿದಳು. ಕಾಂಪೌಂಡರು ಅಲ್ಲಿಂದ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಹೊರಬಂದು ಮೆಟ್ಟಿಲ ಮೇಲೆ ಕೂತಳು. "ಉಸಿರಾಡ್ತಿದಾರೆ. ಮೂಗಿನ ಹತ್ರ ಕೈ ಹಿಡಿದು ನೋಡ್ದೆ" ಎಂದಳು. ಆಮೇಲೆ, "ಡಾಕ್ಟ್ರು ಮತ್ತೆ ಎಂತೆಂತ ಹೇಳಿದ್ರು, ಎಲ್ಲ ಹೇಳಿ ಅಯ್ಯಾ. ಬಿಡ್ಬೇಡಿ."

ಉಮಾಮಹೇಶ್ವರಯ್ಯನವರು ಕೆಳಗಿನ ಮೆಟ್ಟಿಲಲ್ಲಿ ಕೂತು, ನೆನಪು ಮಾಡಿಕೊಂಡು ಹೇಳುತ್ತ ಬಂದರು. ಗಾಯ ಮಾಗಲು ತಿಂಗಳುಗಟ್ಟಲೆ ಬೇಕು. ಇಲ್ಲದ ಕಾಲು ನೋಯುತ್ತದೆ ಎಂದು ಅವನು ಅಳಬಹುದು. ಕೋಲು ಹಿಡಿದು ನಡೆಯುವುದನ್ನು ಕಲಿಯಬೇಕು. ಜ್ವರ ಬಂದು ನಂಜೇರಿದರೆ ಉಳಿಯದೆಯೂ ಹೋಗಬಹುದು ಎನ್ನುವುದನ್ನು ಮಾತ್ರ ಪಿಸುಗುಟ್ಟಿದಂತೆ ಹೇಳಿದರು.

"ಜೋರಾಗಿ ಹೇಳಿ" ಎಂದಳು ಕೆರಿಯಮ್ಮ.