ಹದಿನೇಳರ ಬದಲು ಇಪ್ಪತ್ತೇಳು

ಭದ್ರಾವತಿಯ ಹಳೇನಗರದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಶರಾವತಿಯವರು ಊಟದ ಡಬ್ಬಿಯನ್ನು ಚೀಲಕ್ಕೆ ಸೇರಿಸಿ, ಬಾಗಿಲು ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದಾರೆ. ಆರೂವರೆಯ ಖಾಸಗಿ ಬಸ್ಸಿನಲ್ಲಿ ಎಡಗಡೆಯ ಮೂರನೇ ಸೀಟು ಅವರದೇ ಎಂದು ಕಂಡಕ್ಟರಿಗೂ ಗೊತ್ತು. ಏಳೂಕಾಲಿಗೆ ಶಿವಮೊಗ್ಗ. ನ್ಯಾಯಾಲಯದ ಕಟ್ಟಡದ ಕಾವಲುಗಾರ ಗೇಟು ತೆಗೆಯುವ ಹೊತ್ತಿಗೆ ಅವರು ಹೊರಗೆ ನಿಂತಿರುತ್ತಾರೆ.

ಕೋರ್ಟ್ ಹಾಲಿನಲ್ಲಿ ಆಗ ಯಾರೂ ಇರುವುದಿಲ್ಲ. ನ್ಯಾಯಾಧೀಶರ ಎತ್ತರದ ಪೀಠದ ಕೆಳಗೆ, ವಕೀಲರಿಗೆ ಎದುರಾಗಿ ಒಂದು ಮೇಜು. ಶರಾವತಿಯವರು ಅದರ ಧೂಳು ಒರೆಸಿ, ನಿನ್ನೆಯ ಪ್ರಕರಣಗಳ ಪಟ್ಟಿಯನ್ನು ತೆಗೆದು, ಹಿಂಬದಿ ಖಾಲಿ ಇರುವ ಆ ಹಾಳೆಗಳನ್ನು ಕತ್ತರಿಯಿಂದ ಅಂಗೈ ಅಗಲದ ಚೀಟಿಗಳಾಗಿ ಕತ್ತರಿಸುತ್ತಾರೆ. ಎಂಬತ್ತು ಚೀಟಿಯಾದ ಮೇಲೆ ಕತ್ತರಿ ಕೆಳಗಿಟ್ಟು, ಇವತ್ತಿನ ಕಡತಗಳನ್ನು ಪಟ್ಟಿಯ ಕ್ರಮದಲ್ಲಿ ಜೋಡಿಸಲು ತೊಡಗುತ್ತಾರೆ.

ಅವರು ಬೆಂಚ್ ಕ್ಲರ್ಕ್. ಸಿನಿಮಾದ ಕೋರ್ಟಿನಲ್ಲಿ ನ್ಯಾಯಾಧೀಶರು ಕಾಣುತ್ತಾರೆ, ವಕೀಲರು ಕಾಣುತ್ತಾರೆ, ಕಟಕಟೆ ಕಾಣುತ್ತದೆ. ಈ ಮೇಜು ಮಾತ್ರ ಕಾಣುವುದಿಲ್ಲ. ಆದರೆ ಇದಿಲ್ಲದೆ ಹಾಲಿನಲ್ಲಿ ಒಂದು ಕಾಗದವೂ ಅಲುಗುವುದಿಲ್ಲ. ಕಡತವನ್ನು ನ್ಯಾಯಾಧೀಶರ ಕೈಗೆ ಕೊಡುವುದು, ಸಾಕ್ಷಿಗೆ ಪ್ರಮಾಣ ಬೋಧಿಸುವುದು, ಹಾಜರುಪಡಿಸಿದ ದಾಖಲೆಗೆ ಗುರುತು ಸಂಖ್ಯೆ ಹಾಕುವುದು, ಆವತ್ತು ಏನಾಯಿತು ಎಂಬುದನ್ನು ಪ್ರತಿ ಕಡತದ ಆರ್ಡರ್ ಶೀಟಿನಲ್ಲಿ ಬರೆಯುವುದು, ಮುಂದಿನ ವಾಯಿದೆ ಯಾವತ್ತು ಎಂದು ಬಂದವರಿಗೆ ಹೇಳುವುದು ಎಲ್ಲವೂ ಇಲ್ಲಿಂದಲೇ. ದಿನಕ್ಕೆ ಎಪ್ಪತ್ತರಿಂದ ತೊಂಬತ್ತು ಪ್ರಕರಣ. ಹನ್ನೊಂದಕ್ಕೆ ಕೂತರೆ ಊಟದ ಹೊತ್ತಿನವರೆಗೆ ನೀರು ಕುಡಿಯಲೂ ಬಿಡುವಿಲ್ಲ. ಮೂವತ್ತಾರು ವರ್ಷದ ಸೇವೆಯಲ್ಲಿ ಅವರು ಹದಿನಾಲ್ಕು ನ್ಯಾಯಾಧೀಶರ ಕೈಕೆಳಗೆ ಕೆಲಸ ಮಾಡಿದ್ದಾರೆ. ಅವರೆಲ್ಲ ಬಂದರು, ವರ್ಗವಾಗಿ ಹೋದರು.

"ಸಾಹೇಬ್ರು ಬದಲಾಗ್ತಾರೆ, ವಕೀಲ್ರಿಗೆ ವಯಸ್ಸಾಗುತ್ತೆ. ಬೆಂಚಲ್ಲಿ ಕೂತು ಕಾಯೋರ ಮುಖ ಮಾತ್ರ ಹಂಗೇ ಇರುತ್ತೆ" ಎನ್ನುತ್ತಾರೆ ಶರಾವತಿ.

ಈ ಕೆಲಸ ಅವರು ಬಯಸಿ ಪಡೆದದ್ದಲ್ಲ. ಅವರ ತಂದೆ ಇದೇ ಇಲಾಖೆಯಲ್ಲಿ ಸಮನ್ಸ್ ತಲುಪಿಸುವ ಜಾರಿದಾರರಾಗಿದ್ದರು. ಹೊಳೆಹೊನ್ನೂರಿನ ಕಡೆ ಸಮನ್ಸ್ ಕೊಡಲು ಹೋದವರು ಒಂದು ಮಧ್ಯಾಹ್ನ ಸೈಕಲ್ಲಿನ ಪಕ್ಕದಲ್ಲೇ ಕುಸಿದುಬಿದ್ದರು. ಅನುಕಂಪದ ಆಧಾರದ ಮೇಲೆ ಹಿರಿಯ ಮಗಳಿಗೆ ಕೆಲಸ ಸಿಕ್ಕಿತು. ಆಗ ಶರಾವತಿಯವರಿಗೆ ಇಪ್ಪತ್ತಮೂರು. ಬಿ.ಎಡ್ ಮಾಡಿ ಟೀಚರಾಗಬೇಕು ಎಂದುಕೊಂಡಿದ್ದವರು ಬೆರಳಚ್ಚು ಯಂತ್ರದ ಮುಂದೆ ಕೂತರು. ಇಬ್ಬರು ತಂಗಿಯರ ಓದು, ಮದುವೆ, ಆಮೇಲೆ ಅಮ್ಮನ ಕಾಯಿಲೆ. ಅವರದೇ ಮದುವೆಯ ಮಾತು ಎತ್ತುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಮ್ಮ ಹೋಗಿ ಈಗ ಒಂಬತ್ತು ವರ್ಷ.

ಬೆಳಿಗ್ಗೆ ಕತ್ತರಿಸಿದ ಚೀಟಿಗಳು ಬಂದವರಿಗೆ ಕೊಡಲಿಕ್ಕೆ. ವಾಯಿದೆಯ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಈಗಂತೂ ಎಲ್ಲವೂ ಮೊಬೈಲಿಗೇ ಬರುತ್ತದೆ, ಇದೆಲ್ಲ ಯಾಕೆ ಎಂದು ಕಚೇರಿಯ ಹೊಸ ಹುಡುಗಿಯರು ನಗುತ್ತಾರಂತೆ. ನಕ್ಕರೂ ಶರಾವತಿಯವರು ಬರೆಯುವುದು ಬಿಟ್ಟಿಲ್ಲ. ಬರೆದು, ಚೀಟಿಯನ್ನು ಎದುರಿನವರ ಕೈಗಿಟ್ಟು, ಅವರ ಬಾಯಿಂದಲೇ ಒಮ್ಮೆ ಓದಿಸುತ್ತಾರೆ. ಓದು ಬಾರದವರಿಗೆ ತಾವೇ ಓದಿ ಹೇಳುತ್ತಾರೆ.

ಇದರ ಹಿಂದೆ ಉಜ್ಜನಪ್ಪ ಎಂಬ ಅಜ್ಜ ಇದ್ದಾರೆ.

ಉಜ್ಜನಪ್ಪ ಭದ್ರಾವತಿಯ ಜನ್ನಾಪುರದವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಒಬ್ಬಳೇ ಮಗಳು ಹೆರಿಗೆಯ ಮೂರನೇ ವರ್ಷಕ್ಕೆ ಕಾಯಿಲೆಯಿಂದ ತೀರಿಕೊಂಡಳು. ಶಿವಮೊಗ್ಗದಲ್ಲಿದ್ದ ಅಳಿಯ ಮರುಮದುವೆಯಾದ. ಮೊಮ್ಮಗಳು ಭೂಮಿಕಾಳನ್ನು ಅಜ್ಜನಿಗೆ ತೋರಿಸುವುದನ್ನೇ ನಿಲ್ಲಿಸಿದ. ಮಗು ಬೇಕೆಂದು ಅಜ್ಜ ಕೇಳಲಿಲ್ಲ, ತಿಂಗಳಿಗೊಮ್ಮೆ ನೋಡಲು ಬಿಟ್ಟರೆ ಸಾಕು ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅರ್ಜಿ ಬಂದದ್ದು ಶರಾವತಿಯವರ ಮೇಜಿಗೆ.

ವಾಯಿದೆಯ ದಿನ ಇಬ್ಬರದೂ ಒಂದೇ ಬಸ್ಸು. ಅಜ್ಜ ಬಿಳಿ ಅಂಗಿ ಹಾಕಿ ಬಾಗಿಲ ಹತ್ತಿರ ಕೂರುತ್ತಿದ್ದರು. ಕೋರ್ಟಿನ ನೌಕರರು ಪಕ್ಷಗಾರರ ಜೊತೆ ಸಲಿಗೆ ಇಟ್ಟುಕೊಳ್ಳಬಾರದು ಎಂದು ಶರಾವತಿಯವರು ಮಾತಾಡಿಸುತ್ತಿರಲಿಲ್ಲ. ಅಜ್ಜನೂ ಅದನ್ನು ಅರ್ಥಮಾಡಿಕೊಂಡವರಂತೆ, ನೋಡಿದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಹೀಗೆ ಎರಡು ವರ್ಷ.

2008ರ ಒಂದು ದಿನ, ಮುಂದಿನ ವಾಯಿದೆಗೆ ತಂದೆ ಮಗುವನ್ನು ಕರೆತರಬೇಕು, ಅಜ್ಜ ಒಂದು ಗಂಟೆ ಮಗುವಿನ ಜೊತೆ ಇರಬಹುದು ಎಂದು ನ್ಯಾಯಾಧೀಶರು ಆದೇಶಿಸಿದರು. ಅಜ್ಜನ ವಕೀಲರು ಅಷ್ಟು ಕೇಳಿಸಿಕೊಂಡು ಇನ್ನೊಂದು ಹಾಲಿನ ಪ್ರಕರಣಕ್ಕೆ ಓಡಿದರು. ನ್ಯಾಯಾಧೀಶರು ಎದುರು ಪಕ್ಷದ ವಕೀಲರನ್ನು ವಿಚಾರಿಸಿ ಹದಿನೇಳನೇ ತಾರೀಖು ಎಂದರು. ಶರಾವತಿಯವರು ಪುಸ್ತಕದಲ್ಲಿ ಹದಿನೇಳು ಎಂದೇ ಬರೆದುಕೊಂಡರು. ಆವತ್ತು ಕರೆಂಟ್ ಹೋಗಿತ್ತು. ತೊಂಬತ್ತಕ್ಕೂ ಹೆಚ್ಚು ಪ್ರಕರಣ, ಮೇಜಿನ ಸುತ್ತ ಜನ. ಅದಕ್ಕೂ ಮುಂಚಿನ ಪ್ರಕರಣದ ವಾಯಿದೆ ಇಪ್ಪತ್ತೇಳು. ಯಾವತ್ತು ಬರಲಿ ತಾಯಿ ಎಂದು ಅಜ್ಜ ಕೇಳಿದಾಗ ಶರಾವತಿಯವರ ಬಾಯಿಂದ ಬಂದದ್ದು ಇಪ್ಪತ್ತೇಳು. ಅಜ್ಜ ಅದನ್ನೇ ತಮ್ಮ ವಕೀಲರಿಗೆ ಹೇಳಿದರು. ವಕೀಲರು ಅದನ್ನೇ ಡೈರಿಯಲ್ಲಿ ಬರೆದುಕೊಂಡರು.

ಹದಿನೇಳನೇ ತಾರೀಖು ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟಿನಲ್ಲಿ ಬೇರೆ ಯಾರೋ ಇದ್ದರು. ಅಜ್ಜ ರೈಲಿಗೆ ಬರಬಹುದು ಎಂದುಕೊಂಡರು ಶರಾವತಿ. ಹನ್ನೊಂದೂವರೆಗೆ ಅಳಿಯ ಐದು ವರ್ಷದ ಭೂಮಿಕಾಳನ್ನು ಕರೆದುಕೊಂಡು ಬಂದ. ಮಗು ಗೋಡೆಯ ಪಕ್ಕದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿತು. ದಲಾಯತ್ ಬಾಗಿಲಲ್ಲಿ ನಿಂತು ಉಜ್ಜನಪ್ಪನವರ ಹೆಸರನ್ನು ಮೂರು ಸಲ ಕೂಗಿದ. ಮಧ್ಯಾಹ್ನ ಮತ್ತೆ ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಗೈರುಹಾಜರಿಗಾಗಿ ಅರ್ಜಿ ವಜಾ ಆಯಿತು. ಮುದುಕನಿಗೆ ಇಷ್ಟೇ ಆಸೆ ಇದ್ದದ್ದು ಎಂದು ಹೇಳುತ್ತಾ ಅಳಿಯ ಮಗುವನ್ನು ಎತ್ತಿಕೊಂಡು ಹೋದ. 'ಅರ್ಜಿದಾರರು ಗೈರು' ಎಂದು ಆರ್ಡರ್ ಶೀಟಿನಲ್ಲಿ ಬರೆದವರು ಶರಾವತಿಯವರೇ. ಬರೆಯುವಾಗಲೂ ತಪ್ಪು ತಮ್ಮದು ಎಂದು ಅವರಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಇಪ್ಪತ್ತೇಳರ ಬೆಳಿಗ್ಗೆ, ಬಸ್ಸಿನ ಮೆಟ್ಟಿಲ ಮೇಲೆ. ಅಜ್ಜ ಬಾಗಿಲ ಹತ್ತಿರವೇ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಆಗಷ್ಟೇ ಕ್ಷೌರ ಮಾಡಿಸಿದ ಮುಖ, ತೊಡೆಯ ಮೇಲೆ ಬಟ್ಟೆ ಅಂಗಡಿಯ ಹೊಸ ಚೀಲ. ಎರಡು ವರ್ಷದಲ್ಲಿ ಮೊದಲ ಸಲ ಅವರಾಗಿ ಮಾತಾಡಿದರು.

"ಇವತ್ತು ಮಗೂನ ಕರ್ಕೊಂಡು ಬರ್ತಾರಲ್ಲ ತಾಯಿ. ಫ್ರಾಕ್ ತಗೊಂಡಿದೀನಿ. ಅಳತೆ ಗೊತ್ತಿಲ್ಲ, ಸ್ವಲ್ಪ ದೊಡ್ಡದೇ ಇರಲಿ ಅಂದೆ."

ಇಪ್ಪತ್ತೇಳು ಎಂದು ತಾವೇ ಹೇಳಿದ್ದು ಶರಾವತಿಯವರಿಗೆ ನೆನಪಾಯಿತು. ಪಕ್ಕದ ಸೀಟಿನ ಕಂಬಿ ಹಿಡಿದುಕೊಂಡರು. ಅಜ್ಜನಿಗೆ ಹೇಳದೆ, ತಮ್ಮ ಮೂರನೇ ಸೀಟಿಗೆ ಹೋಗಿ ಕೂತರು. ಅಜ್ಜನಿಗೆ ವಿಷಯ ತಿಳಿದದ್ದು ವಕೀಲರಿಂದ. ಅವರು ಕೂಗಾಡಲಿಲ್ಲ. ಸಂಜೆಯವರೆಗೂ ವರಾಂಡದಲ್ಲಿ ಕೂತಿದ್ದು, ಚೀಲ ಹಿಡಿದುಕೊಂಡು ವಾಪಸ್ ಹೋದರು.

ವಜಾ ಆದ ಅರ್ಜಿಯನ್ನು ಮತ್ತೆ ತೆರೆಯಲು ವಕೀಲರು ಕೋರಿಕೆ ಸಲ್ಲಿಸಿದರು. ಅದರಲ್ಲಿ, ವಯಸ್ಸಾದ್ದರಿಂದ ತಾರೀಖನ್ನು ತಪ್ಪಾಗಿ ಕೇಳಿಸಿಕೊಂಡೆ ಎಂದು ಅಜ್ಜನ ಪ್ರಮಾಣಪತ್ರ ಇತ್ತು. ಅದನ್ನು ಓದಿದ ದಿನ ಶರಾವತಿಯವರು ಬಸ್ಸಿನಲ್ಲಿ ಅಜ್ಜನ ಪಕ್ಕದಲ್ಲೇ ಹೋಗಿ ಕೂತು, ಹೀಗೇಕೆ ಬರೆಸಿದಿರಿ ಎಂದು ಕೇಳಿದರು.

"ನಿಮ್ಮ ಹೆಸರು ಬರೆಸಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ ಅಂದ್ರು ವಕೀಲ್ರು. ಹೆಣ್ಮಗಳು, ಮನೆ ನಡೆಸೋರು. ನನ್ನ ಕಿವಿ ಮೇಲೆ ಹಾಕಿ ಅಂದೆ" ಎಂದರಂತೆ ಅಜ್ಜ.

ನಾಲ್ಕು ದಿನ ಶರಾವತಿಯವರು ಸುಮ್ಮನಿದ್ದರು. ಆ ನಾಲ್ಕು ದಿನದ ಬಗ್ಗೆ ಅವರು ಈಗಲೂ ನಾಚಿಕೊಂಡೇ ಮಾತಾಡುತ್ತಾರೆ. ಕೆಲಸ ಹೋದರೆ ಅಮ್ಮನ ಔಷಧಿ, ಚಿಕ್ಕ ತಂಗಿಯ ಮದುವೆಯ ಸಾಲ ಏನಾಗಬೇಕು ಎಂಬ ಯೋಚನೆ. ಅಜ್ಜ ಹೇಗೂ ತಾವೇ ಒಪ್ಪಿಕೊಂಡಿದ್ದಾರಲ್ಲ ಎಂಬ ಸಮಾಧಾನವೂ ಒಳಗೆ ಎಲ್ಲೋ ಇತ್ತು. ಐದನೇ ದಿನ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು, ಕೆಳಗೆ ಸಹಿ ಮಾಡಿ, ನ್ಯಾಯಾಧೀಶರ ಕೊಠಡಿಗೆ ಹೋಗಿ ಕೊಟ್ಟರು. ನ್ಯಾಯಾಧೀಶರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರಂತೆ. ಬೈಯಲಿಲ್ಲ. ಪತ್ರವನ್ನು ಕಡತಕ್ಕೆ ಸೇರಿಸಿ ಎಂದಷ್ಟೇ ಹೇಳಿದರು. ಶರಾವತಿಯವರಿಗೆ ನೋಟಿಸು ಬಂತು, ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ಕೆಲಸ ಉಳಿಯಿತು.

ಅರ್ಜಿಯೂ ಮತ್ತೆ ವಿಚಾರಣೆಗೆ ಬಂತು. ಆದರೆ ಅಷ್ಟರಲ್ಲಿ ಅಳಿಯ ಮನೆ ಖಾಲಿ ಮಾಡಿದ್ದ. ಪುಣೆಗೆ ಹೋದ ಎಂದರು ಕೆಲವರು, ಸೂರತ್‌ ಎಂದರು ಕೆಲವರು. ನೋಟಿಸು ಹೋದಷ್ಟು ಸಲವೂ 'ವಿಳಾಸದಲ್ಲಿಲ್ಲ' ಎಂಬ ಷರಾ ಹೊತ್ತು ವಾಪಸ್ ಬಂತು. ಅಜ್ಜ ಮಾತ್ರ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಕೊನೆಕೊನೆಗೆ ಬಸ್ಸಿನ ಮೆಟ್ಟಿಲು ಹತ್ತಲು ಶರಾವತಿಯವರೇ ಕೈ ಕೊಡುತ್ತಿದ್ದರು. ನಿಯಮದ ಯೋಚನೆಯನ್ನು ಆ ಹೊತ್ತಿಗೆ ಬಿಟ್ಟಿದ್ದರು. 2010ರಲ್ಲಿ ಅಜ್ಜ ತೀರಿಕೊಂಡರು. 'ಅರ್ಜಿದಾರರು ಮೃತರಾಗಿದ್ದಾರೆ. ಅರ್ಜಿ ಮುಕ್ತಾಯ.' ಈ ಸಾಲೂ ಶರಾವತಿಯವರ ಕೈಬರಹದಲ್ಲೇ ಇದೆ.

ಎಂಟು ತಿಂಗಳ ಹಿಂದೆ ನಕಲು ವಿಭಾಗದವರು ಒಬ್ಬ ಯುವತಿಯನ್ನು ಅವರ ಮೇಜಿಗೆ ಕಳಿಸಿದರು. ಹಳೆಯ ಅರ್ಜಿಯೊಂದರ ದೃಢೀಕೃತ ಪ್ರತಿ ಬೇಕಂತೆ, ಕೈಬರಹ ನಿಮ್ಮದೇ ಇದೆ, ಓದಿ ಹೇಳಿ ಎಂದರು. ಇಪ್ಪತ್ತೆರಡರ ಹುಡುಗಿ, ಮರಾಠಿ ಬೆರೆತ ಕನ್ನಡ. ತಂದೆ ಸತ್ತ ಮೇಲೆ ಅವರ ಕಾಗದಪತ್ರಗಳಲ್ಲಿ ಹಳೆಯ ನೋಟಿಸು ಸಿಕ್ಕಿತು, ಅದರಲ್ಲಿ ತನ್ನ ಹೆಸರಿತ್ತು ಎಂದಳು. ಭೂಮಿಕಾ.

ಊಟದ ಬಿಡುವಿನಲ್ಲಿ, ಖಾಲಿ ಹಾಲಿನಲ್ಲಿ ಇಬ್ಬರೂ ಕೂತು ಆರ್ಡರ್ ಶೀಟನ್ನು ಪುಟಪುಟವಾಗಿ ಓದಿದರು. ಅರ್ಜಿದಾರರು ಹಾಜರು. ಅರ್ಜಿದಾರರು ಹಾಜರು. ಭೂಮಿಕಾ ಎಣಿಸಿದಳು, ಮೂವತ್ತು ಸಲ. ಒಂದು ಕಡೆ ಮಾತ್ರ ಗೈರು. ಅವಳು ಆ ಪದದ ಮೇಲೆ ಬೆರಳಿಟ್ಟಳು.

"ಈ ದಿನ ನಂಗೆ ನೆನಪಿದೆ. ಇಲ್ಲೇ ಎಲ್ಲೋ ಬೆಂಚ್ ಮೇಲೆ ಕೂತಿದ್ದೆ. ನೋಡು, ಅಜ್ಜನಿಗೆ ನೀನು ಬೇಡ ಅಂತೆ, ಬರಲೇ ಇಲ್ಲ ಅಂದ್ರು ಪಪ್ಪ."

ಶರಾವತಿಯವರು ಪುಟ ತಿರುಗಿಸಿ ತಮ್ಮ ಪತ್ರವನ್ನು ತೋರಿಸಿದರು. ಬಾಯಿಬಿಟ್ಟೂ ಹೇಳಿದರು. ತಪ್ಪು ತಾರೀಖು ಹೇಳಿದವಳು ನಾನು, ಅಜ್ಜ ಹತ್ತು ದಿನ ಬಿಟ್ಟು ನಿನಗೆ ಬಟ್ಟೆ ತೆಗೆದುಕೊಂಡು ಬಂದಿದ್ದರು ಎಂದರು. ಹುಡುಗಿ ಮತ್ತೆ ಹಿಂದಿನ ಪುಟಕ್ಕೆ ಹೋದಳು. ಆಮೇಲೆ, ಈ 'ಗೈರು' ಅನ್ನುವುದನ್ನು ಹೊಡೆದುಹಾಕಲು ಆಗುತ್ತದೆಯೇ ಎಂದು ಕೇಳಿದಳು.

"ಆಗಲ್ಲಮ್ಮ. ಒಂದು ಸಲ ಬರೆದಿದ್ದು ಇಲ್ಲಿ ಹಂಗೇ ಇರುತ್ತೆ."

ಭೂಮಿಕಾ ಪ್ರತಿಗಳನ್ನು ತೆಗೆದುಕೊಂಡು ಹೋದಳು. ಪತ್ರದ ಪ್ರತಿಯನ್ನೂ ಕೇಳಿ ಪಡೆದಳು. ಶರಾವತಿಯವರು ತಮ್ಮ ಫೋನ್ ನಂಬರ್ ಕೊಟ್ಟಿದ್ದರು. ಇವತ್ತಿನವರೆಗೂ ಕರೆ ಬಂದಿಲ್ಲ. ಕ್ಷಮಿಸು ಎಂದು ಯಾಕೆ ಕೇಳಲಿಲ್ಲ ಎಂದು ವಿಚಾರಿಸಿದರೆ, ಅವರು ಖಾಲಿ ಬೆಂಚುಗಳ ಕಡೆ ನೋಡುತ್ತಾರೆ.

"ಕೇಳಿದ್ರೆ ಅವಳು ಏನಾದ್ರೂ ಹೇಳಲೇಬೇಕಾಗ್ತಿತ್ತು. ಆ ಕಷ್ಟ ಅವಳಿಗೆ ಯಾಕೆ ಕೊಡೋದು."

ಬರುವ ತಿಂಗಳ ಕೊನೆಗೆ ಶರಾವತಿಯವರಿಗೆ ಅರವತ್ತು ತುಂಬುತ್ತದೆ. ಬೀಳ್ಕೊಡುಗೆಗೆ ಸಣ್ಣದೊಂದು ಸಮಾರಂಭ ಮಾಡೋಣ ಎಂದ ಸಹೋದ್ಯೋಗಿಗಳಿಗೆ, ಬೇಡ, ಸಂಜೆ ಎಂದಿನ ಹಾಗೆ ಹೋಗಿಬಿಡುತ್ತೇನೆ ಎಂದಿದ್ದಾರೆ. ಅವರ ಮೇಜಿಗೆ ಬರಲಿರುವವಳು ಗಗನಾ, ಇಪ್ಪತ್ತಾರರ ಚುರುಕು ಹುಡುಗಿ. ಎರಡು ವಾರದಿಂದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೆಲಸ ಕಲಿಯುತ್ತಿದ್ದಾಳೆ. ಕಂಪ್ಯೂಟರಿನಲ್ಲಿ ತನಗಿಂತ ಹತ್ತು ಪಟ್ಟು ವೇಗ ಎಂದು ಶರಾವತಿಯವರೇ ಹೊಗಳುತ್ತಾರೆ. ನಿವೃತ್ತಿಯ ನಂತರ ಏನು ಆಸೆ ಎಂದು ಕೇಳಿದರೆ ಅವರು ಹೇಳುವುದು ಗಗನಾಳ ವಿಚಾರವನ್ನೇ.

"ಅವಳಿಗೆ ಒಂದೇ ಮಾತು ಹೇಳಿದೀನಿ. ಎಷ್ಟೇ ಜನ ಮುಗಿಬೀಳಲಿ, ಡೇಟು ಹೇಳೋವಾಗ ಎದುರಿಗಿರೋರ ಮುಖ ನೋಡು ಮಾರಾಯ್ತಿ ಅಂತ. ಅಷ್ಟು ಮಾಡಿದ್ರೆ ಸಾಕು" ಎನ್ನುತ್ತಾರೆ. ಹನ್ನೊಂದಾಗುತ್ತಿದೆ, ಹಾಲಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದಾರೆ. ಮೊದಲ ಕಡತವನ್ನು ಕೈಗೆತ್ತಿಕೊಳ್ಳುತ್ತಾ ಶರಾವತಿಯವರು ತಗ್ಗಿದ ದನಿಯಲ್ಲಿ ಮಾತು ಮುಗಿಸುತ್ತಾರೆ. "ನಾನು ಮುಖ ನೋಡಿದ್ದಿದ್ರೆ, ಇವ್ರು ಬಸ್ಸಿನ ಅಜ್ಜ, ಇವ್ರದ್ದು ಹದಿನೇಳು ಅಂತ ಗೊತ್ತಾಗ್ತಿತ್ತು. ಆವತ್ತು ನಾನು ತಲೆನೇ ಎತ್ತಲಿಲ್ಲ."