ಅಂಥವರು ಈ ಕೇರಿಯಲ್ಲಿಲ್ಲ

ನನ್ನ ಅಕ್ಕನ ಮಗ ಗಣಪತಿ ಮುಟ್ಟಳ್ಳಿಯಲ್ಲಿ ಇಲ್ಲವಂತೆ. ಹೇಳುತ್ತಿರುವುದು ನಾನಲ್ಲ, ಸರಕಾರ. ಹಾಗೆಂದು ಬರೆದ ಕಾಗದವನ್ನು ಟಪಾಲಿನವನು ಮುಟ್ಟಳ್ಳಿಯ ಅದೇ ವಿಳಾಸಕ್ಕೆ ತಂದು ಗಣಪತಿಯ ಕೈಗೇ ಕೊಟ್ಟ!

ಗಣಪತಿ ವೈರ್‌ಲೆಸ್ ಇಲಾಖೆಯ ಪರೀಕ್ಷೆ ಪಾಸಾಗಿದ್ದ. ಇಂಟರ್‌ವ್ಯೂನೂ ಆಗಿತ್ತು. ಉಳಿದದ್ದು ಪೊಲೀಸ್ ರಿಪೋರ್ಟ್ ಒಂದೇ. ಗುಟ್ಟಿನ ಸಂದೇಶಗಳು ಕೈಗೆ ಬರುವ ಕೆಲಸ ನೋಡಿ. ಹುಡುಗ ಎಂಥವನು, ಮನೆತನ ಎಂಥದ್ದು, ಎಲ್ಲ ವಿಚಾರಿಸುತ್ತಾರಂತೆ. ವಿಚಾರಿಸಲಿ, ನಮಗೇನು ಭಯ?

ಅಕ್ಕನಿಗೆ ಮಾತ್ರ ದೃಷ್ಟಿ ತಾಗುವ ಭಯ. ಆರ್ಡರ್ ಕೈಗೆ ಬರುವವರೆಗೆ ಯಾರೂ ಬಾಯಿ ಬಿಡಕೂಡದು ಎಂದಳು. ನಾವೂ ತೆಪ್ಪಗಿದ್ದೆವು. (ನಾಲ್ಕಕ್ಷರ ಕಲಿತವರ ಬುದ್ಧಿ ಇಷ್ಟೇ.) ಪೊಲೀಸಿನವ ಬಂದ ದಿನ ತಾಯಿ ಮಗ ಇಬ್ಬರೂ ಇಡಗುಂಜಿಗೆ ಹೋಗಿದ್ದರು. ಇದೇ ನೌಕರಿಗಾಗಿ ಹರಕೆ ಹೇಳಿಕೊಳ್ಳಲು.

ಮನೆಗೆ ಬೀಗ. ಆತ ಪಕ್ಕದ ಮನೆಯ ಗೌರಜ್ಜಿಯನ್ನು ಕೇಳಿದ. ಅಜ್ಜಿ ಬೆಲ್ಲ ನೀರು ಕೊಟ್ಟು, ಅಂಥವರು ಈ ಕೇರಿಯಲ್ಲೇ ಇಲ್ಲ ಎಂದಳು. ಆಚೆ ಮನೆ, ಈಚೆ ಮನೆ, ಅಂಗಡಿ, ಎಲ್ಲ ಕಡೆ ಅದೇ ಉತ್ತರ. ಆತ ಹಾಗೆಯೇ ಬರೆದುಕೊಂಡು ಹೋದ.

ಸುದ್ದಿ ತಿಳಿದು ಸಿಟ್ಟು ನೆತ್ತಿಗೇರಿತು. ನನ್ನೂರಿಂದ ಹೊನ್ನಾವರದ ಹೊಳೆ ದಾಟಿ, ಬಸ್ಸು ಹಿಡಿದು ಮುಟ್ಟಳ್ಳಿಗೆ ಹೋದೆ. ಅಜ್ಜಿ ಅಕ್ಕಿ ಕೇರುತ್ತಿದ್ದಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಅವ್ನ ಅಪ್ಪನ್ನ ಎರಡು ಸಲ ಹಿಂಗೇ ಉಳ್ಸಿದ್ದೆ, ತಮಾ. ಮಗನ್ನ ಹಿಡ್ದು ಕೊಡ್ತ್ನಾ?"

ನಿಜ. ಬ್ರಿಟಿಷರ ಕಾಲದಲ್ಲಿ ಭಾವ ಚಳವಳಿಗೆ ಇಳಿದಿದ್ದ. ಪೊಲೀಸರು ಬಂದಾಗ ಅಜ್ಜಿ ಅವನನ್ನು ಹುಲ್ಲಿನ ಅಟ್ಟದಲ್ಲಿ ಅಡಗಿಸಿ, ಕೆಳಗೆ ಬಂದವರಿಗೆ ಬೆಲ್ಲ ನೀರು ಕೊಟ್ಟಿದ್ದಳು. ಇಡೀ ಕೇರಿಯೇ ಅವನನ್ನು ಅರಿಯೆವು ಎಂದಿತ್ತು. ಭಾವ ಈಗಿಲ್ಲ. ಕೇರಿಯ ರೂಢಿ ಮಾತ್ರ ಇದೆ. ಬೈಯಲು ಹೋದವನು ಏನೆಂದು ಬೈಯಲಿ?

ಗಣಪತಿಯನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಫೌಜದಾರರು ಒಳ್ಳೆಯವರು. ಅವನನ್ನು ಕಣ್ಣಾರೆ ಕಂಡರು, ಕೂರಿಸಿದರು, ರಿಪೋರ್ಟ್ ಮೇಲೆ ಹೋಗಿಯಾಗಿದೆ ಎಂದು ಕೈ ಚೆಲ್ಲಿದರು. ಅರ್ಜಿ ಬರೆದೆವು. ಮತ್ತೊಂದು ಬರೆದೆವು. ನಿನ್ನೆ ಉತ್ತರ ಬಂತು. ಜಾಗ ಭರ್ತಿಯಾಗಿದೆಯಂತೆ.

ಗಣಪತಿ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ.

"ಅಜ್ಜಿಗೆ ಹೇಳೂದು ಬೇಡ, ಮಾವ."

ಹೇಳಲಿಲ್ಲ. ನನಗೂ ಸಾಕಾಗಿದೆ.

ಪೊಲೀಸರು ಈಗ ನಮ್ಮವರೇ ಎಂದು ಆಕೆಗೆ ತಿಳಿಸಲು, ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರಾದರೂ ಹೋಗಿದ್ದೆವೇ?