ಒಂಬತ್ತು ದಾಟದ ಹುಡುಗರು

ದುಬೈಯ ಅಲ್ ಕುಸೈಸಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಒಂದೇ ಸಂಸಾರ ಇಟ್ಟುಕೊಳ್ಳುವುದು ದುಂದು ಎನಿಸುತ್ತಿದ್ದ ಕಾಲ ಅದು. ಒಂದು ರೂಮಿನಲ್ಲಿ ನಾವು ನಾಲ್ವರು, ಇನ್ನೊಂದರಲ್ಲಿ ಫಿಲಿಪೀನ್ಸಿನ ತೆಸ್ಸಿ ಆಂಟಿ. ಹೋಟೆಲೊಂದರ ಲಾಂಡ್ರಿಯಲ್ಲಿ ಅವರಿಗೆ ಕೆಲಸ. ಅಡುಗೆಮನೆ ಎಲ್ಲರಿಗೂ ಒಂದೇ. ನಮ್ಮ ಮಂಗಳೂರು ಮೀನುಸಾರಿನ ಪಕ್ಕದಲ್ಲೇ ಅವರ ವಿನೆಗರ್, ಬೆಳ್ಳುಳ್ಳಿಯ ಕೋಳಿ ಕುದಿಯುತ್ತಿತ್ತು. ನನ್ನ ಯೂನಿಫಾರ್ಮಿಗೆ ಎರಡೂ ವಾಸನೆ ಅಂಟಿಕೊಂಡಿರುತ್ತಿತ್ತು.

ಆಂಟಿಗೆ ಊರಿನಲ್ಲಿ ಜೋಜೊ ಎಂಬ ಮಗನಿದ್ದ. ಯಾರು ಕೇಳಿದರೂ ಅವನಿಗೆ ಒಂಬತ್ತು ವರ್ಷ ಎನ್ನುತ್ತಿದ್ದರು. "ಹೋದ ಕ್ರಿಸ್ಮಸ್ಸಿಗೂ ಒಂಬತ್ತೇ ಇತ್ತಲ್ಲ ಮಾರಾಯ್ತಿ" ಎಂದು ಮಮ್ಮಿ ನನ್ನ ಹತ್ತಿರ ನಗುತ್ತಿದ್ದಳು. ವೀಸಾದ ಏನೋ ಲೆಕ್ಕಾಚಾರ ಇರಬೇಕು, ನಮಗ್ಯಾಕೆ ಎನ್ನುತ್ತಿದ್ದರು ಡ್ಯಾಡಿ. ಒಮ್ಮೆ ಲಿಫ್ಟಿನಲ್ಲಿ ಯಾರೋ ನನ್ನ ತಮ್ಮ ರೋನಿಯ ವಯಸ್ಸು ಕೇಳಿದರು. ಅವನಿಗೆ ಹನ್ನೊಂದು. ಅವನು ಬಾಯಿ ತೆರೆಯುವ ಮೊದಲೇ ಆಂಟಿ ಅವನ ಭುಜ ಒತ್ತಿ ಹಿಡಿದು, ಒಂಬತ್ತು ಎಂದುಬಿಟ್ಟರು. ತನ್ನನ್ನು ಚಿಕ್ಕವನನ್ನಾಗಿ ಮಾಡಿದರೆಂದು ರೋನಿ ಮುಖ ಊದಿಸಿಕೊಂಡ. ಲಿಫ್ಟು ನಮ್ಮ ಮಹಡಿಗೆ ಬರುವವರೆಗೂ ಆಂಟಿ ಆ ಭುಜ ಬಿಡಲಿಲ್ಲ.

ಮಮ್ಮಿ ಅಮೆರಿಕನ್ ಸಿಲೆಬಸ್ಸಿನ ಶಾಲೆಯೊಂದರ ಆಫೀಸಿನಲ್ಲಿದ್ದುದರಿಂದ ನಮ್ಮ ಓದೂ ಅಲ್ಲೇ. ಆ ಡಿಸೆಂಬರಿನಲ್ಲಿ ನನಗೊಂದು ಪ್ರಾಜೆಕ್ಟು ಕೊಟ್ಟರು: ಅಮೆರಿಕ ಮೊದಮೊದಲು ಕಡಲಾಚೆಯ ನಾಡುಗಳನ್ನು ಹಿಡಿದದ್ದು ಯಾಕೆ? ಪುಸ್ತಕದಲ್ಲಿ ಕಾರಣಗಳು ಸಿದ್ಧವಾಗಿದ್ದವು. ಕಾರ್ಖಾನೆಯ ಸರಕಿಗೆ ಮಾರುಕಟ್ಟೆ ಬೇಕಿತ್ತು. ಚೀನಾದ ದಾರಿಯಲ್ಲಿ ಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಬಂದರು ಬೇಕಿತ್ತು. ಯುರೋಪಿನವರ ಎದುರು ತಾವೂ ದೊಡ್ಡವರೆನಿಸಿಕೊಳ್ಳಬೇಕಿತ್ತು. ಜೊತೆಗೆ, ಹಾಗೆ ಹಿಡಿದ ಫಿಲಿಪೀನ್ಸಿನ ಜನರನ್ನು ತಿದ್ದಿ ಕ್ರೈಸ್ತರನ್ನಾಗಿ ಮಾಡಬೇಕೆಂದೂ ಕೆಲವರು ಹೇಳುತ್ತಿದ್ದರಂತೆ.

ಶುಕ್ರವಾರ ಚರ್ಚಿನಿಂದ ಬಂದು ಎಲ್ಲರೂ ಕ್ರಿಸ್ಮಸ್ಸಿನ ಕಿಡಿಯೊ ಮಾಡಲು ನೆಲದ ಮೇಲೆ ಕೂತಿದ್ದೆವು. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿ ಕರಿಯುವ ಸಿಹಿತಿಂಡಿ ಅದು. ಆಂಟಿಯ ಸುರುಳಿಗಳು ನಮ್ಮವಕ್ಕಿಂತ ಚಂದ. ನಾನು ಕಾರಣಗಳನ್ನು ಗಟ್ಟಿಯಾಗಿ ಓದಿದೆ. ಕೊನೆಯದಕ್ಕೆ ಮಮ್ಮಿ ನಕ್ಕಳು. ನಮ್ಮನ್ನು ಪೋರ್ಚುಗೀಸರು ಮಾಡಿದ ಹಾಗೆ ಇವರನ್ನು ಸ್ಪೇನಿನವರು ಎಂದೋ ಕ್ರೈಸ್ತರನ್ನಾಗಿ ಮಾಡಿ ಮುಗಿಸಿದ್ದರಲ್ಲ, ಇನ್ನೇನು ಉಳಿದಿತ್ತು ಎಂದಳು. ತೆಸ್ಸಿ ಆಂಟಿ ನಗಲಿಲ್ಲ.

ಫೋರ್ಕು ಕೆಳಗಿಟ್ಟು, ತಮ್ಮ ಅಜ್ಜಿಯ ಕತೆ ಹೇಳಿದರು. ಅಜ್ಜಿ ಸಣ್ಣ ಹುಡುಗಿಯಾಗಿದ್ದಾಗ ಅವರ ದ್ವೀಪಕ್ಕೆ ಅಮೆರಿಕದ ಸಿಪಾಯಿಗಳು ಬಂದರು. ಹತ್ತು ದಾಟಿದ ಗಂಡುಮಕ್ಕಳೆಲ್ಲ ಬಂದೂಕು ಹಿಡಿಯಬಲ್ಲವರು, ಉಳಿಸಬೇಡಿ ಎಂದು ಅವರಿಗೆ ಅಪ್ಪಣೆಯಾಗಿತ್ತಂತೆ. ಊರು ಉರಿಯುತ್ತಿತ್ತು. ಅಜ್ಜಿಯ ಅಣ್ಣನನ್ನು ಹಿಡಿದು ಬೆರಳು ಮಡಚಿ ತೋರಿಸಿ ವಯಸ್ಸು ಕೇಳಿದರು. ಅವನ ತಾಯಿ ಒಂಬತ್ತು, ಒಂಬತ್ತು ಎಂದು ಅಂಗಲಾಚುತ್ತಿದ್ದಳು.

"ಅವನು ಹನ್ನೊಂದು ಅಂತ ತೋರಿಸಿದ" ಎಂದರು ಆಂಟಿ. "ಹುಡುಗ ಅಲ್ವಾ, ದೊಡ್ಡವನು ಅನ್ನಿಸಿಕೊಳ್ಳಲು ಆಸೆ."

ಅಂದಿನಿಂದ ಅವರ ಮನೆಯಲ್ಲಿ ಗಂಡುಮಕ್ಕಳ ವಯಸ್ಸು ಒಂಬತ್ತು ದಾಟುವುದಿಲ್ಲ. ಮೀಸೆ ಬಂದ ಮೇಲೆ ಯಾರೂ ಕೇಳುವುದೂ ಇಲ್ಲ.

ಕೈಯಲ್ಲಿ ಪೆನ್ಸಿಲ್ ಹಿಡಿದಿದ್ದ ನಾನು, ಅವರು ಬಂದದ್ದು ಯಾಕೆಂದು ಅಜ್ಜಿ ಹೇಳಲಿಲ್ಲವೇ ಎಂದೆ.

"ಅಜ್ಜಿಗೆ ಅದನ್ನು ಯಾರೂ ಹೇಳಿರಲಿಲ್ಲ ಮಗಳೇ."

ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಮಮ್ಮಿ ಎದ್ದು ಸ್ಟವ್ ಆರಿಸಿದಳು. ಆಮೇಲೆ ಕಾರ್ ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುವಾಗ ಯಾರಾದರೂ ರೋನಿಗೆ ಎಷ್ಟು ವರ್ಷ ಎಂದರೆ ನಾನು ಓಡಿಹೋಗಿ ಅವನ ಪಕ್ಕ ನಿಲ್ಲುತ್ತಿದ್ದೆ. ದುಬೈಯ ಹಾಡುಹಗಲಲ್ಲಿ, ಯಾರಿಗೆ ಹೆದರುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಚಾರ್ಟಿನಲ್ಲಿ ಪುಸ್ತಕದ ಕಾರಣಗಳನ್ನೇ ಬರೆದೆ. ಟೀಚರ್ ಮೆಚ್ಚಿದರು.

ಅದೇ ಕ್ರಿಸ್ಮಸ್ ರಜೆಯಲ್ಲಿ ಜೋಜೊ ವಿಸಿಟ್ ವೀಸಾದಲ್ಲಿ ಬಂದ. ಆಂಟಿ ಅವನನ್ನು ಊರಿನಲ್ಲಿ ಬಿಟ್ಟು ದುಬೈಗೆ ಬರುವಾಗ ಅವನಿಗೆ ನಿಜವಾಗಿಯೂ ಒಂಬತ್ತು. ಆಮೇಲೆ ಬರೀ ಫೋನು, ಫೋಟೊ. ಮಗ ತನ್ನನ್ನು ಹಚ್ಚಿಕೊಳ್ಳುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರು ಆ ವಾರ ಸರಿಯಾಗಿ ಉಂಡಿರಲಿಲ್ಲ. ಏರ್‌ಪೋರ್ಟಿಗೆ ನಾವೆಲ್ಲ ಡ್ಯಾಡಿಯ ಕಾರಿನಲ್ಲಿ ಹೋದೆವು. ಗಾಜಿನ ಬಾಗಿಲಿನಿಂದ ಬಂದವನು ಅವರಿಗಿಂತ ಒಂದು ಗೇಣು ಎತ್ತರ. ತುಟಿಯ ಮೇಲೆ ಕಪ್ಪು ಮೂಡಿತ್ತು. ಆಂಟಿ ಅಪ್ಪಿಕೊಂಡಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಕಾರಿನಲ್ಲಿ ಮಾತಿಗೆಂದು ಡ್ಯಾಡಿ ಎಷ್ಟು ವರ್ಷ ಎಂದು ಕೇಳಿಬಿಟ್ಟರು. ಆಂಟಿಯ ಕೈ ಅವನ ಬಾಯಿ ಮುಚ್ಚಲು ಹೋಯಿತು. ಅಷ್ಟರಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ, "ಹದಿನಾಲ್ಕು, ಸರ್" ಎಂದ. ಬಾಯಿಯ ಬಳಿಗೆ ಬಂದಿದ್ದ ಕೈಯನ್ನು ಮರ್ಯಾದೆಯಿಂದ ತೆಗೆದು ಅವರ ಮಡಿಲಲ್ಲಿಟ್ಟ. ಬಸ್ಸಿನಲ್ಲಿ ಪಕ್ಕದವರ ಚೀಲ ಸರಿಸುವ ಹಾಗಿತ್ತು ಅದು. ಇದ್ದ ಒಂದು ತಿಂಗಳೂ ಫ್ರಿಜ್ ತೆರೆಯಲು ಅವರ ಅಪ್ಪಣೆ ಕೇಳುತ್ತಿದ್ದ. ಎರಡು ಸಲ ಬಾಯಿ ತಪ್ಪಿ ಅವರನ್ನು ಮ್ಯಾಮ್ ಎಂದ.

ಈಗ ನಮಗೆ ಪೂರ್ತಿ ಫ್ಲ್ಯಾಟ್ ಇದೆ. ಕಿಡಿಯೊ ಬೇಕರಿಯಿಂದ ಬರುತ್ತದೆ. ತೆಸ್ಸಿ ಆಂಟಿ ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ, ರೋನಿಯ ವಯಸ್ಸು ಮುಚ್ಚಿಡಲು ಇನ್ನು ಯಾರೂ ಇಲ್ಲ. ಜೋಜೊನನ್ನು ಯಾವ ಸಿಪಾಯಿಯೂ ಒಯ್ಯಲಿಲ್ಲ. ಆದರೂ ಆ ಒಂಬತ್ತು ವರ್ಷದ ಮಗ ಅವನ ತಾಯಿಗೆ ಮತ್ತೆ ಸಿಗಲಿಲ್ಲ.